ಹೈಸ್ಕೂಲಿನ ಜಮಖಾನ

ಹಲೀಮಾಬಿ ಅಣ್ಣಿಗೇರಿಯಿಂದ ನವಲಗುಂದಕ್ಕೆ ಸೊಸೆಯಾಗಿ ಬಂದಾಗ, ಕೈಯ ಮೆಹಂದಿ ಮಾಸುವ ಮೊದಲೇ ಅತ್ತೆ ಖೈರುನಬಿ ಅವಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲಿಗೆ ಅಗಳಿ ಹಾಕಿದಳು. ಕೋಣೆಯಲ್ಲಿ ಮಂಚವಿಲ್ಲ, ಪೆಟ್ಟಿಗೆಯಿಲ್ಲ. ನೆಲದಿಂದ ಜಂತಿಯವರೆಗೆ ನೆಟ್ಟಗೆ ನಿಂತ ಜಮಖಾನದ ಮಗ್ಗವೊಂದೇ ಇತ್ತು.

"ಇದರ ಕಂಬದ ಮ್ಯಾಲೆ ಕೈ ಇಡು," ಅಂದಳು ಖೈರುನಬಿ. "ಇಲ್ಲಿ ಕಲತದ್ದನ್ನ ಮನಿ ಬಿಟ್ಟ ಹೋಗೂ ಹೆಣ್ಣಮಕ್ಕಳಿಗೆ ಕಲಸಂಗಿಲ್ಲ ಅನ್ನು."

ಆಗ ಹಲೀಮಾಬಿಗೆ ಹೆಣ್ಣುಮಗುವೂ ಇರಲಿಲ್ಲ, ಬುದ್ಧಿಯೂ ಬಲಿತಿರಲಿಲ್ಲ. ಅಂದುಬಿಟ್ಟಳು.

ಆ ಓಣಿಯ ಮನೆಗಳಲ್ಲಿ ಜಮಖಾನ ನೇಯುವವರು ಹೆಂಗಸರೇ. ವಿದ್ಯೆ ಅತ್ತೆಯಿಂದ ಸೊಸೆಗೆ ಇಳಿದು ಬರಬೇಕು, ಮಗಳಿಗೆ ಹೋಗಬಾರದು. ಮಗಳು ಲಗ್ನವಾಗಿ ಬೇರೆ ಊರು ಸೇರುವವಳು, ಅವಳ ಗಂಟಿನ ಜೊತೆ ಮನೆಯ ವಿದ್ಯೆಯೂ ಊರು ಬಿಡುತ್ತದೆ ಎಂಬ ಹೆದರಿಕೆ. ಎಲ್ಲಿಂದಲೋ ಬಂದವಳನ್ನು ಮಗ್ಗದ ಮುಂದೆ ಕೂರಿಸಿ, ಹೊಟ್ಟೆಯಲ್ಲಿ ಹುಟ್ಟಿದವಳ ಮುಖದ ಮೇಲೆ ಬಾಗಿಲು ಹಾಕುವ ಈ ರೀತಿ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಓಣಿಯವರಿಗೆ ಅದರಲ್ಲಿ ವಿಚಿತ್ರವೇನೂ ಇರಲಿಲ್ಲ.

ಖೈರುನಬಿ ಬಾಯಿ ಜೋರಿನ ಹೆಂಗಸು. ಮನೆಯೊಳಗೆ ಉರ್ದು ಆಡಿದರೂ ಸಿಟ್ಟು ಬಂದಾಗ ಅವಳಿಗೆ ಕನ್ನಡವೇ ಬೇಕು, ಮತ್ತು ಅವಳಿಗೆ ಸಿಟ್ಟು ಆಗಾಗ ಬರುತ್ತಿತ್ತು. ಆದರೆ ಕಲಿಸುವುದರಲ್ಲಿ ಒಂದು ಎಳೆಯನ್ನೂ ಮುಚ್ಚಿಡಲಿಲ್ಲ. ನಿಂತ ಹಾಸಿನ ಎಳೆಗಳ ನಡುವೆ ಬಣ್ಣದ ಹೊಕ್ಕು ಹೇಗೆ ತೂರಿಸಬೇಕು, ಹಲ್ಲಿನ ಕಬ್ಬಿಣದ ಪಂಜಾದಿಂದ ಎಷ್ಟು ಹದವಾಗಿ ಕುಟ್ಟಬೇಕು, ನವಿಲಿನ ಕುತ್ತಿಗೆ ಎಲ್ಲಿ ತಿರುಗಬೇಕು, ಎಲ್ಲ ಹೇಳಿಕೊಟ್ಟಳು. ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಅಂಚಿನ ಬಗ್ಗೆ. ನೂಲನ್ನು ಒಂದಿಷ್ಟು ಜಗ್ಗಿದರೆ ಅಂಚು ಒಳಗೆ ಸರಿಯುತ್ತದೆ, ಸಡಿಲ ಬಿಟ್ಟರೆ ಹೊರಗೆ ಉಬ್ಬುತ್ತದೆ. ಸೊಟ್ಟ ಅಂಚಿನ ಜಮಖಾನ ಆ ಮನೆಯಿಂದ ಹೊರಗೆ ಹೋಗುವಂತಿರಲಿಲ್ಲ. ಕತ್ತಲಲ್ಲಿ ಕೊಟ್ಟರೂ ಖೈರುನಬಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ಇದು ಯಾರ ಕೈಯದು ಅನ್ನುತ್ತಿದ್ದಳು.

ಹಲೀಮಾಬಿಗೆ ಮಗ್ಗ ಬೇಗ ಒಲಿಯಿತು. ಆದರೆ ಅವಳ ಮನಸ್ಸಿನಲ್ಲಿ ಬೇರೊಂದು ಆಸೆ ಮುದುರಿಕೊಂಡು ಕೂತಿತ್ತು, ಅದು ಸಾಲಿ ಕಲಿಯುವ ಆಸೆ. ಅಣ್ಣಿಗೇರಿಯಲ್ಲಿ ಅವಳ ಅಪ್ಪ ದಲಾಲಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ಅವಳು ನಾಲ್ಕನೇ ಇಯತ್ತೆ ಮುಗಿಸಿದಾಗ ತಮ್ಮಂದಿರನ್ನು ಎತ್ತಿಕೊಳ್ಳುವವರು ಬೇಕೆಂದು ಬಿಡಿಸಿದ್ದರು. ಬಿಡಿಸಿದ ಮೇಲೂ ಬಹಳ ದಿನ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಲಿಯ ಗೋಡೆಯ ಆಚೆ ನಿಂತು ಮಗ್ಗಿ ಕೇಳಿಸಿಕೊಳ್ಳುತ್ತಿದ್ದಳಂತೆ. ಆ ಹೊಟ್ಟೆಯುರಿ ಅವಳಿಗೆ ಕೊನೆಗೂ ಹೋಗಲಿಲ್ಲ.

ಅದಕ್ಕೇ ಮಗಳು ಮಾಬುಬಿ ಹೈಸ್ಕೂಲಿಗೆ ಹೋದಾಗ ಮನೆಯಲ್ಲಿ ಎಲ್ಲರಿಗಿಂತ ಹಿಗ್ಗಿದವಳು ಹಲೀಮಾಬಿ. ಆ ಮನೆಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಮಾಬುಬಿ. ಅವಳಿಗೊಬ್ಬ ತಮ್ಮ, ಬಾಬಾಸಾಬ. ಅವನ ಮೂಗಿನ ಸಿಂಬಳವೇ ಇನ್ನೂ ನಿಂತಿರಲಿಲ್ಲ, ಅಜ್ಜಿ ಆಗಲೇ ಅವನ ಹೆಂಡತಿಗೆ ಕಲಿಸುವ ನಮೂನೆಗಳನ್ನು ಲೆಕ್ಕ ಹಾಕುತ್ತಿದ್ದಳು. ಮಾಬುಬಿಗೆ ಮಾತ್ರ ಆ ಕೋಣೆಯ ಹೊಸ್ತಿಲು ದಾಟುವ ಅಪ್ಪಣೆ ಇರಲಿಲ್ಲ. ತಂದೆ ಅಬ್ದುಲಗನಿ ಜಮಖಾನಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಸಂತೆ ಸಂತೆ ತಿರುಗುವ ಮೆತ್ತನೆಯ ಮನುಷ್ಯ. ಮನೆಯ ಯಾವ ಮಾತು ಬಂದರೂ "ಅಮ್ಮನ್ನ ಕೇಳು" ಎಂದು ಸೈಕಲ್ಲಿನ ಗಾಳಿ ನೋಡಲು ಎದ್ದು ಹೋಗುತ್ತಿದ್ದ.

ಊರಲ್ಲಿ ರೈತರ ಗಲಾಟೆ ಆಗಿ ಮೂರ್ನಾಲ್ಕು ವರ್ಷ ಕಳೆದಿರಬೇಕು. ಪ್ಯಾಟಿಯ ಹೈಸ್ಕೂಲಿಗೆ ಶಿದ್ಲಿಂಗಪ್ಪ ಎಂಬ ಹೆಡ್‌ಮಾಸ್ತರರು ಬಂದಿದ್ದರು. ದಪ್ಪ ಕನ್ನಡಕ, ದೊಡ್ಡ ದನಿ, ತಲೆಯ ತುಂಬ ಯೋಜನೆ. ಪ್ರತಿ ವರ್ಷ ಸಾಲಿಯ ಹಾಡು ನಾಟಕದ ಗ್ಯಾದರಿಂಗು ಬಂತೆಂದರೆ ವೇದಿಕೆಗೆ ಹಾಸಲು ಖೈರುನಬಿಯ ಮನೆಯ ದೊಡ್ಡ ಜಮಖಾನ ಹೋಗುತ್ತಿತ್ತು. ಹೋದದ್ದು ಹೋದಂತೆ ಎಂದೂ ಬರುತ್ತಿರಲಿಲ್ಲ. ಒಂದು ವರ್ಷ ಚಿವಡಾದ ಎಣ್ಣೆ, ಇನ್ನೊಂದು ವರ್ಷ ಮಸಿ, ಮತ್ತೊಂದು ವರ್ಷ ನಾಟಕದ ಕೀಚಕನ ಬಣ್ಣ. ಖೈರುನಬಿ ಬಾಗಿಲಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಬಯ್ಯುತ್ತಿದ್ದಳು, ಮತ್ತೆ ಮುಂದಿನ ವರ್ಷ ಕೊಡುತ್ತಿದ್ದಳು.

ಆ ಸಲ ಹೆಡ್‌ಮಾಸ್ತರರು ತಾವೇ ಬಂದು ಕಟ್ಟೆಯ ಮೇಲೆ ಕೂತರು.

"ಅಮ್ಮಾರ, ಪ್ರತಿ ವರ್ಷ ನಿಮ್ಮ ಕಡೆ ಬೈಸ್ಕೊಂಡು ಸಾಕಾಗೇತ್ರಿ. ನಮ್ಮ ಸಾಲಿದ ಅಂತ ಒಂದು ಜಮಖಾನಾ ಬೇಕು. ಕೆಲಸದ ಪಿರಿಯಡ್ಡಿನ್ಯಾಗ ನಮ್ಮ ಹುಡುಗೂರ ನೇಯಲಿ ಅಂತೀನಿ. ನಿಮ್ಮ ಸೊಸಿ ಬಂದು ಕಲಸ್ಲಿ."

"ಹುಡುಗೂರು ಅಂದ್ರ ಯಾರು?"

"ಒಂಬತ್ತನೇತ್ತಾದವ್ರು. ಹುಡುಗ್ಯಾರು, ಹುಡುಗೂರು, ಎಲ್ಲಾರೂ."

"ಹುಡುಗ್ಯಾರಿಗೆ ಕಲಸಂಗಿಲ್ಲ," ಅಂದಳು ಖೈರುನಬಿ, ಕತ್ತರಿಸಿದ ಹಾಗೆ.

ಹೆಡ್‌ಮಾಸ್ತರರು ಕನ್ನಡಕ ಒರೆಸಿಕೊಂಡರು. ಚಹಾ ಬಂತು. ಖೈರುನಬಿ ಅಡಿಕೆ ಕತ್ತರಿಸುತ್ತ ಬಹಳ ಹೊತ್ತು ವಿಚಾರ ಮಾಡಿದಳು. ಕೀಚಕನ ಬಣ್ಣ ತೊಳೆದ ನೆನಪು ಇನ್ನೂ ಹಸಿಯಾಗಿತ್ತೋ ಏನೋ.

"ಗಂಡಹುಡುಗೂರಿಗೆ ಬೇಕಾರ ಕಲಸ್ಲಿ," ಅಂದಳು. "ಅವರೇನು ಲಗ್ನಾ ಮಾಡ್ಕೊಂಡು ಊರ ಬಿಟ್ಟ ಹೊಕ್ಕಾರೇನು?"

ಮಾಸ್ತರರು ಅತ್ತ ಹೋದ ಮೇಲೆ ಸೊಸೆಯ ಕಡೆ ತಿರುಗಿ ನಕ್ಕಳು. "ಎತ್ತಿನ ಹಗ್ಗಾ ಹಿಡಿಯೂ ಕೈಗೆ ನೂಲ ಹತ್ತತೈತೇನ ಬೇ? ಕಲಸಿದಂಗೂ ಆತು, ಕಲೀಲಾರದಂಗೂ ಆತು."

ಹೀಗೆ ಹಲೀಮಾಬಿ ಸಾಲಿ ಬಿಟ್ಟ ಎಷ್ಟೋ ವರ್ಷಕ್ಕೆ ಸಾಲಿಗೆ ಹೋದಳು, ಅದೂ ಕಲಿಸುವವಳಾಗಿ. ಪ್ರಯೋಗಶಾಲೆಯ ಬಾಜೂ ಇದ್ದ ಹಳೆಯ ಸಾಮಾನಿನ ಕೋಣೆಯನ್ನು ಖಾಲಿ ಮಾಡಿ ಅಲ್ಲಿ ಮಗ್ಗ ನಿಲ್ಲಿಸಿದರು. ಮೊದಲ ದಿನ ಒಬ್ಬ ಹುಡುಗ "ನಮಸ್ಕಾರ್ರಿ ಅಕ್ಕಾರ" ಅಂದಾಗ ಅವಳು ಹಿಂದೆ ತಿರುಗಿ ಯಾರು ಬಂದರೆಂದು ನೋಡಿದಳು. ಆಮೇಲೆ ತಿಳಿಯಿತು, ಸಾಲಿಯಲ್ಲಿ ಕಲಿಸುವ ಅಕ್ಕಾರು ಅಂದರೆ ತಾನೇ. ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ಆ ಮಾತನ್ನು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದಳು. ತನ್ನ ಪಿರಿಯಡ್ಡು ಸಣ್ಣ ಸೂಟಿಯ ಬಿಡುವು ಮುಗಿದ ಮೇಲೆ ಇದ್ದರೂ ಪ್ರಾರ್ಥನೆಯ ಹೊತ್ತಿಗೇ ಬಂದು ನೀಲಿ ಲಂಗ, ಖಾಕಿ ಚಡ್ಡಿಗಳ ಸಾಲುಗಳ ಹಿಂದೆ ನಿಲ್ಲುತ್ತಿದ್ದಳು. ಸಾಲಿಯ ಗೋಡೆಗೆ ಈಗ ಅವಳು ಒಳಗಿನವಳು.

ಗಂಡುಹುಡುಗರ ನೇಯ್ಗೆಯ ವಿಷಯ ಹೇಳದಿರುವುದೇ ವಾಸಿ. ತಿರಕಪ್ಪ ಎಂಬ ದೊಡ್ಡ ಹುಡುಗನಿದ್ದ, ಹೊಲದ ಕೆಲಸ ಮಾಡಿ ಮೈ ಬಲಿತವನು. ಪಂಜಾ ಅವನ ಕೈಗೆ ಕೊಟ್ಟರೆ ಗೂಟ ಹೊಡೆದಂತೆ ಕುಟ್ಟುತ್ತಿದ್ದ. ಹಾಗೆ ಕುಟ್ಟಿದರೆ ನಮೂನೆ ಅಮುಕಿ ಹೋಗುತ್ತದೆ. ಮೊದಲ ಸಾಲಿನ ನವಿಲುಗಳೆಲ್ಲ ಕುತ್ತಿಗೆ ಕುಗ್ಗಿ, ಹೊಟ್ಟೆ ಉಬ್ಬಿ ಕೂತವು.

"ಅಕ್ಕಾರ, ಇದು ನವಲ ಹೌದಲ್ರಿ?" ಎಂದು ಕೇಳಿದ ತಿರಕಪ್ಪ ಸಂಶಯದಿಂದ.

"ನವಲನ ಆಗಿತ್ತಪಾ. ನೀ ಬಡದ ಬಡದ ಕೋಳಿ ಮಾಡಿದಿ," ಅಂದಳು ಹಲೀಮಾಬಿ. ಇಡೀ ಕೋಣೆ ನಕ್ಕಿತು. ತಿರಕಪ್ಪನೂ ನಕ್ಕ.

ಅದೇ ಪಿರಿಯಡ್ಡಿನಲ್ಲಿ ಹುಡುಗಿಯರಿಗೆ ತೋಟದ ಕೆಲಸ. ಎರೆಮಣ್ಣಿನ ಆ ಬಯಲಿನಲ್ಲಿ ತೋಟವೆಂದರೆ ಒಂದಿಷ್ಟು ಬೇವಿನ ಸಸಿ. ಅವುಗಳಲ್ಲಿ ಮಗ್ಗದ ಕೋಣೆಯ ಕಿಟಕಿಯ ಹತ್ತಿರದ ಸಸಿಗೆ ದಿನವೂ ಕೊಡಗಟ್ಟಲೆ ನೀರು ಬೀಳುತ್ತಿತ್ತು, ಉಳಿದವು ಒಣಗುತ್ತಿದ್ದವು. ನೀರು ಹಾಕುವವರ ಕಣ್ಣೆಲ್ಲ ಕಿಟಕಿಯೊಳಗೆ. ಅವರಲ್ಲಿ ಮಾಬುಬಿಯೂ ಇದ್ದಳು. ಹಲೀಮಾಬಿ ಎದ್ದು ಕಿಟಕಿಯ ಒಂದು ಬಾಗಿಲು ಹಾಕಿದಳು. ಇನ್ನೊಂದನ್ನು ಹಾಕಲಿಲ್ಲ. ಗಾಳಿ ಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ದಿನ ಕಣ್ಣೆತ್ತಿ ನೋಡಿದರೆ ಮಗಳು ಕೊಡ ಕೆಳಗಿಟ್ಟು, ಗಾಳಿಯಲ್ಲಿ ಬೆರಳು ಆಡಿಸುತ್ತ ಇಲ್ಲದ ನೂಲನ್ನು ಇಲ್ಲದ ಹಾಸಿನಲ್ಲಿ ತೂರಿಸುತ್ತಿದ್ದಳು. ಆಡಿಸಿದ್ದು ಸರಿಯಾಗಿಯೇ ಇತ್ತು. ಹಲೀಮಾಬಿ ನೋಡಿಯೂ ನೋಡದ ಹಾಗೆ ತಲೆ ತಗ್ಗಿಸಿದಳು.

ದೀಪಾವಳಿ ಮುಗಿದ ಹೊತ್ತಿಗೆ ಕುಂದಗೋಳದಿಂದ ಅಬ್ದುಲ್‌ಸಾಬ ಎಂಬ ಹಿರಿಯರು ಬಂದರು. ಮಾಬುಬಿಯನ್ನು ಕೇಳಲು ಹಣ್ಣು, ಸಕ್ಕರೆ ತಂದಿದ್ದರು. ಅವರ ಮಗನಿಗೆ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿ. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು, ಅದರಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಖೈರುನಬಿ ಮಾತು ಕೊಟ್ಟಳು. ಒಂಬತ್ತನೇ ಇಯತ್ತೆಯ ಪರೀಕ್ಷೆ ಮುಗಿದ ಮೇಲೆ ಬೇಸಿಗೆಯಲ್ಲಿ ನಿಕಾ.

ಮಾಬುಬಿ ಅಳಲಿಲ್ಲ, ಊಟ ಬಿಡಲಿಲ್ಲ. ತಾಯಿ ಒಲೆಯ ಮುಂದೆ ಒಬ್ಬಳೇ ಇದ್ದಾಗ ಬಂದು ಕೂತು ಒಂದೇ ಮಾತು ಕೇಳಿದಳು. "ಅಮ್ಮಾ, ಹತ್ತನೇತ್ತಾ?"

ಹಲೀಮಾಬಿಗೆ ರೊಟ್ಟಿ ತವೆಯ ಮೇಲೆ ಸೀದದ್ದೂ ಗೊತ್ತಾಗಲಿಲ್ಲ. ಅಣ್ಣಿಗೇರಿಯ ಗೋಡೆಯ ಆಚೆ ನಿಂತ ಹುಡುಗಿಯ ಸಂಕಟವೆಲ್ಲ ಒಮ್ಮೆಗೇ ಮರಳಿ ಬಂತು. ತನಗೆ ಆದದ್ದು ಮಗಳಿಗೆ ಆಗಬಾರದು, ಒಂದೇ ಒಂದು ವರ್ಷ, ಅವಳು ಹತ್ತನೇ ಇಯತ್ತೆ ಮುಗಿಸಲಿ, ಆಮೇಲೆ ಏನಾದರೂ ಆಗಲಿ. ಗಂಡನಿಗೆ ಹೇಳಿದಳು. ಅವನು "ಅಮ್ಮನ್ನ ಕೇಳು" ಎಂದು ಎದ್ದ. ಅತ್ತೆಯನ್ನು ಕೇಳಿದಳು.

"ಮಾತ ಕೊಟ್ಟೀನಿ," ಅಂದಳು ಖೈರುನಬಿ. "ಅವ್ರು ಒಂದ ವರ್ಷ ಯಾಕ ಕಾಯ್ತಾರ? ಸಾಲಿ ಕಲತು ಇಕಿ ಕಲೆಕ್ಟರ ಆಗೂದೈತೇನು?"

ಶಿದ್ಲಿಂಗಪ್ಪ ಮಾಸ್ತರರೂ ಬಂದು ಕಟ್ಟೆಯ ಮೇಲೆ ಕೂತು ಹುಡುಗಿ ಬಹಳ ಶಾಣ್ಯಾಕಿ, ಒಂದು ವರ್ಷ ತಡೀರಿ ಎಂದು ಬೇಡಿಕೊಂಡರು. ಖೈರುನಬಿ ಚಹಾ ಕುಡಿಸಿ, ಬಿಸ್ಕೀಟು ಕೊಟ್ಟು, ಮರ್ಯಾದೆಯಿಂದ ಕಳಿಸಿಕೊಟ್ಟಳು. ಮಾತು ಮಾತ್ರ ಇದ್ದಲ್ಲೇ ಇತ್ತು.

ಹಲೀಮಾಬಿ ಸುಳ್ಳು ಆಡುವವಳಲ್ಲ, ಅತ್ತೆಗೆ ಎದುರಾಡುವವಳೂ ಅಲ್ಲ. ನಾಲ್ಕಾರು ದಿನ ಮಗ್ಗದ ಮುಂದೆ ಕೂತು ಕೈ ಆಡಿಸುತ್ತ ವಿಚಾರ ಮಾಡಿದಳು. ಊರು ಬಿಡುವವಳಿಗೆ ಮಗ್ಗ ಬರಬಾರದು, ಇದು ಅತ್ತೆಯದೇ ನೇಮ. ಹಾಗಾದರೆ ಮಾಬುಬಿಗೆ ಮಗ್ಗ ಬಂದುಬಿಟ್ಟರೆ? ಆಗ ಅತ್ತೆ ಅವಳನ್ನು ಕುಂದಗೋಳಕ್ಕೆ ಹೇಗೆ ಕಳಿಸುತ್ತಾಳೆ? ವಿಚಾರ ಹೊಳೆದ ಕೂಡಲೇ ಅವಳಿಗೆ ಆಣೆಯ ನೆನಪಾಯಿತು. ಕಂಬದ ಮೇಲೆ ಕೈ ಇಟ್ಟು ಆಡಿದ ಮಾತು ಅದು. ಮುರಿದರೆ ಆ ಮನೆಯಲ್ಲಿ ತನಗೆ ಏನು ಬೆಲೆ ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೇ ಮುರಿದಳು.

ಶನಿವಾರ ಮುಂಜಾನೆ ಸಾಲಿ. ಮಧ್ಯಾಹ್ನದ ಹೊತ್ತಿಗೆ ಮಕ್ಕಳೆಲ್ಲ ಮನೆಗೆ ಓಡಿ ಬಯಲು ಖಾಲಿಯಾಗುತ್ತಿತ್ತು. ಹಲೀಮಾಬಿ ಮಗಳನ್ನು ಮಗ್ಗದ ಮುಂದೆ ಕೂರಿಸಿ ಕೈಗೆ ಕೆಂಪು ನೂಲು ಕೊಟ್ಟಳು.

"ದಾದಿಗೆ ಗೊತ್ತಾದ್ರ?" ಅಂದಳು ಮಾಬುಬಿ, ಅಜ್ಜಿಯ ಹೆದರಿಕೆಯಿಂದ.

"ಗೊತ್ತಾಗ್ಲಿ ಅಂತನ ಕಲಸಾಕತ್ತೀನಿ. ಕುಂದ್ರು ನೀ."

ಕಿಟಕಿಯ ಆಚೆ ನಿಂತು ಅರ್ಧ ಕಲಿತಿದ್ದ ಹುಡುಗಿಗೆ ಉಳಿದರ್ಧಕ್ಕೆ ಹೆಚ್ಚು ಶನಿವಾರ ಬೇಕಾಗಲಿಲ್ಲ. ಅಂಚು ಗೆರೆ ಕೊರೆದಷ್ಟು ನೆಟ್ಟಗೆ ಬರತೊಡಗಿತು. ಹಲೀಮಾಬಿಗೆ ಒಳಗೊಳಗೆ ಹೆಮ್ಮೆ, ಜೊತೆಗೆ ಅಷ್ಟೇ ಹೆದರಿಕೆ.

ಗ್ಯಾದರಿಂಗು ಹತ್ತಿರ ಬಂದಾಗ ಸಾಲಿಯ ಜಮಖಾನ ಹೇಗಾಗಿದೆ ನೋಡಬೇಕೆಂದು ಖೈರುನಬಿಗೆ ಚಡಪಡಿಕೆ ಶುರುವಾಯಿತು. ಒಂದು ದಿನ ಹೇಳದೆ ಕೇಳದೆ, ಕೋಲು ಊರಿಕೊಂಡು ಸಾಲಿಗೇ ಬಂದುಬಿಟ್ಟಳು. ಆಗ ಅವಳ ಕಣ್ಣಿಗೆ ಪೊರೆ ಬಂದಿತ್ತು, ಬಣ್ಣಗಳು ಮಸುಕಾಗಿ ಕಾಣುತ್ತಿದ್ದವು. ಮಗ್ಗದ ಮುಂದೆ ಕೂತು ಕೆಳಗಿನಿಂದ ಮೇಲಕ್ಕೆ ಕೈ ಆಡಿಸಿದಳು. ಹುಡುಗರು ಸುತ್ತ ನಿಂತರು.

"ಇದು ಕೋಳಿ," ಅಂದಳು. ತಿರಕಪ್ಪ ಮೆಲ್ಲಗೆ ಬಾಗಿಲ ಹಿಂದೆ ಸರಿದ.

"ಇದು ನಿಂದು," ಅಂದಳು ಸೊಸೆಗೆ. ಕೈ ಮತ್ತೆ ಮೇಲೆ ಹೋಯಿತು. ಒಂದು ಕಡೆ ನಿಂತಿತು. ಹೆಬ್ಬೆರಳು ಅಂಚಿನ ಮೇಲೆ ಹೋಗಿ ಬಂತು, ಮತ್ತೆ ಹೋಗಿ ಬಂತು.

"ಇದು ಯಾರದು?"

ಹಲೀಮಾಬಿ ಹುಡುಗರನ್ನು ಹೊರಗೆ ಕಳಿಸಿದಳು. "ಮಾಬುಬೀದು, ಅತ್ತಿ. ನಾನ ಕಲಿಸಿದೆ."

ಖೈರುನಬಿಯ ಹೆಬ್ಬೆರಳು ಅಂಚಿನ ಮೇಲೆಯೇ ಇತ್ತು.

"ಇನ್ನ ಅಕೀನ ಊರ ಹೊರಗ ಕೊಡಾಕ ಬರಂಗಿಲ್ಲಲ್ರಿ," ಅಂದಳು ಹಲೀಮಾಬಿ. "ಹತ್ತನೇತ್ತಾ ಮುಗೀಲಿ ಅಂತ ಬೇಕಂತನ ಮಾಡೀನಿ. ಬೈಯೂದಿದ್ರ ನನಗ ಬೈರಿ."

ಬೈದಿದ್ದರೆ ಚೆನ್ನಾಗಿತ್ತು. ಖೈರುನಬಿ ಕೋಲು ಹಿಡಿದು ಎದ್ದು, ಒಂದು ಮಾತಿಲ್ಲದೆ ಮನೆಗೆ ನಡೆದಳು. ಅವತ್ತಿನಿಂದ ಸೊಸೆಯ ಜೊತೆ ಕನ್ನಡವೂ ಇಲ್ಲ, ಉರ್ದುವೂ ಇಲ್ಲ. ಉಪ್ಪು ಬೇಕಾದರೆ ಬಾಬಾಸಾಬನ ಕಡೆಯಿಂದ ಹೇಳಿಸುತ್ತಿದ್ದಳು. ಅಷ್ಟು ಜೋರು ಬಾಯಿಯ ಹೆಂಗಸು ಸುಮ್ಮನಾದದ್ದು ಮನೆಯವರಿಗೆಲ್ಲ ಹಿಂಸೆಯಾಯಿತು.

ಗ್ಯಾದರಿಂಗಿನ ದಿನ ಜಮಖಾನವನ್ನು ವೇದಿಕೆಗೆ ಹಾಸಿದರು. ಒಂದು ತುದಿಗೆ ಕೋಳಿ, ಇನ್ನೊಂದು ತುದಿಗೆ ನವಿಲು. ಶಿದ್ಲಿಂಗಪ್ಪ ಮಾಸ್ತರರು ಮುಖ್ಯ ಅತಿಥಿಗಳನ್ನು ಜಾಣತನದಿಂದ ನವಿಲಿನ ಕಡೆಯೇ ಕೂರಿಸಿದರು. ತಿರಕಪ್ಪನ ತಾಯಿ ಸಾವಂತ್ರೆವ್ವ ಮುಂದಿನ ಸಾಲಿನಲ್ಲಿ ಕೂತು, ಅಗೋ ಆ ಕೋಳಿ ನಮ್ಮ ಹುಡುಗನದು ಎಂದು ಬಂದವರಿಗೆಲ್ಲ ತೋರಿಸಿದಳು. ಚಪ್ಪಾಳೆಯ ನಡುವೆ ಹಲೀಮಾಬಿಯ ಹೆಸರನ್ನೂ ಕೂಗಿದರು. ಅವಳಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಮರುದಿನ ಕುಂದಗೋಳದವರು ದಿನ ಗೊತ್ತು ಮಾಡಲು ಬರುವವರಿದ್ದರು.

ಬಂದರು. ಪಡಸಾಲೆಯಲ್ಲಿ ಕೂತರು. ಅಬ್ದುಲಗನಿ ಗೋಡೆಗೆ ಆತುಕೊಂಡು ನಿಂತಿದ್ದ. ಹಲೀಮಾಬಿ ಪರದೆಯ ಹಿಂದೆ.

"ಒಂದು ವಿಷಯ ನಿಮಗ ಹೇಳಬೇಕು," ಅಂದಳು ಖೈರುನಬಿ. "ಹುಡುಗಿ ಕೈಗೆ ಮಗ್ಗ ಹತ್ತೇತಿ."

ಅಬ್ದುಲ್‌ಸಾಬ ಜೋರಾಗಿ ನಕ್ಕರು. "ಅಲ್ರಿ, ಇದು ಸಿಹಿ ಸುದ್ದಿ ಅಲ್ಲೇನ್ರಿ! ನವಲಗುಂದದ ಜಮಖಾನಾ ನಮ್ಮ ಮನ್ಯಾಗ! ಅಕಿ ಬರೂದ್ರಾಗ ಮಗ್ಗ ನಾ ನಿಲ್ಲಸ್ತೀನಿ. ಲಗ್ನಾ ಮುಂದಿನ ತಿಂಗಳ ಮಾಡೂಣು, ಬೇಸಗಿ ತನಕ ಯಾಕ?"

ಪರದೆಯ ಹಿಂದೆ ಹಲೀಮಾಬಿ ಎಲ್ಲ ಕೇಳಿಸಿಕೊಂಡಳು. ತಾನು ಹಾಕಿದ ಲೆಕ್ಕ ಇದಲ್ಲ. ಮಗಳನ್ನು ಉಳಿಸಿಕೊಳ್ಳಲು ಕಲಿಸಿದ ವಿದ್ಯೆ ಮಗಳನ್ನು ಬೇಗ ಕಳಿಸುವುದಕ್ಕೇ ದಾರಿಯಾಯಿತು. ಮಾತೂ ಹೋಯಿತು, ಮಗಳೂ ಹೋದಳು ಅನ್ನಿಸಿ ಸೆರಗು ಬಾಯಿಗೆ ತುರುಕಿಕೊಂಡಳು.

ಖೈರುನಬಿ ಅಡಿಕೆ ಕತ್ತರಿಸುವ ಸಪ್ಪಳ ಕೇಳಿಸಿತು.

"ಕೈಗೆ ಹತ್ತೇತಿ ಅಂದೆ. ಬಂದೈತಿ ಅನ್ನಲಿಲ್ಲ," ಅಂದಳು ಮುದುಕಿ. "ಏನೂ ಕಲೀಲಾರದಾಕಿನ್ನ ಕೊಟ್ಟಿದ್ರ ನನ್ನ ಮನಿಗೆ ಹೆಸರಿರಲಿಲ್ಲ, ಕೆಡಕೂ ಇರಲಿಲ್ಲ. ಅರ್ಧಾ ಕಲತಾಕಿ ನಿಮ್ಮ ಊರಾಗ ಸೊಟ್ಟ ಅಂಚಿನ ಜಮಖಾನಾ ನೇಯ್ದು, ಇದು ಖೈರುನಬಿ ಮನೀದು ಅಂತ ಮಂದಿ ಅಂದ್ರ ನಾ ಮಣ್ಣಾಗ ಹ್ಯಾಂಗ ಮಲಗ್ಲಿ? ಪೂರಾ ಕಲೀಲಿ. ಅಂಚು ನೆಟ್ಟಗ ಬಂದ ದಿನಾ ನಾನ ಹೇಳಿ ಕಳಸ್ತೀನಿ. ಕಾಯೂದಾದ್ರ ಕಾಯ್ರಿ, ಇಲ್ಲಂದ್ರ ಸಿಟ್ಟಿಲ್ಲ."

ಮನೆಗೆ ಮಗ್ಗ ಬರುತ್ತದೆಂಬ ಆಸೆ ಅಬ್ದುಲ್‌ಸಾಬರಿಗೆ ಆಗಲೇ ಹುಟ್ಟಿತ್ತು. ಕಾಯುತ್ತೇವೆ ಎಂದು ಹೇಳಿ ಹೋದರು.

ಬೇಸಿಗೆ ಕಳೆದು ಸಾಲಿ ಸುರುವಾಯಿತು. ಮಾಬುಬಿ ಹತ್ತನೇ ಇಯತ್ತೆಗೆ ಹೋದಳು. ಸಂಜೆ ಸಾಲಿಯಿಂದ ಬಂದ ಮೇಲೆ ಒಂದು ಹೊತ್ತು ಅಜ್ಜಿಯ ಜೊತೆ ಒಳಗಿನ ಕೋಣೆಯ ಮಗ್ಗಕ್ಕೆ ಕೂರಬೇಕು. ಹಲೀಮಾಬಿಗೆ ಅಲ್ಲಿ ಜಾಗವಿಲ್ಲ. "ನೀ ಸಾಲ್ಯಾಗ ಅಕ್ಕಾರಕಿ ಮಾಡು, ಇಲ್ಲಿ ನಾ ಅದೀನಿ," ಅಂದಿದ್ದಳು ಅತ್ತೆ. ಎಷ್ಟೋ ದಿನಗಳ ಮೇಲೆ ಸೊಸೆಗೆ ಆಡಿದ ಮೊದಲ ಮಾತು ಅದು. ಹೊಸ ಸೊಸೆಯ ಹಾಗೆ ಗೋಡೆಗೆ ಕೂತು ನೂಲಿನ ಉಂಡೆ ಸುತ್ತುವುದು ಹಲೀಮಾಬಿಯ ಪಾಲಿಗೆ ಬಂತು. ಅವಳಿಗೆ ಅದು ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇದ್ದ ಒಂದು ಮಾನದ ಜಾಗ ಅದು. ಆದರೆ ಬಾಗಿಲಿಗೆ ಅಗಳಿ ಹಾಕದೆ ಅಜ್ಜಿ ಮೊಮ್ಮಗಳು ಮಗ್ಗಕ್ಕೆ ಕೂತದ್ದು ಆ ಮನೆಯಲ್ಲಿ ಅದೇ ಮೊದಲು. ಅದನ್ನು ನೋಡುತ್ತ ನೋವು ನುಂಗಿಕೊಂಡಳು.

ಅಲ್ಲಿ ಕೂತು ನೋಡುವಾಗಲೇ ಅವಳ ಲಕ್ಷ್ಯಕ್ಕೆ ಒಂದು ವಿಷಯ ಬಂತು. ಸಾಲಿಯ ಮಗ್ಗದಲ್ಲಿ ಗೆರೆ ಕೊರೆದಂತೆ ನೇಯುತ್ತಿದ್ದ ಹುಡುಗಿಯ ಅಂಚು ಇಲ್ಲಿ ದಿನವೂ ತುಸು ಸೊಟ್ಟ ಬರುತ್ತಿತ್ತು. ತೀರ ಕೆಟ್ಟದಾಗಿ ಅಲ್ಲ. ಒಂದು ಕಡೆ ಒಂದು ಎಳೆಯಷ್ಟು ಒಳಗೆ, ಇನ್ನೊಂದು ಕಡೆ ಒಂದು ಎಳೆಯಷ್ಟು ಹೊರಗೆ. ಅಜ್ಜಿ ಹೆಬ್ಬೆರಳು ಆಡಿಸಿ "ಇನ್ನ ಬರವಲ್ದು" ಎಂದು ಅಷ್ಟನ್ನೂ ಬಿಚ್ಚಿಸುವಳು. ಮಾಬುಬಿ ತಲೆ ತಗ್ಗಿಸಿ ಬಿಚ್ಚುವಳು. ಹಲೀಮಾಬಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಉಂಡೆ ಉರುಳಿ ಹೋಯಿತು. ಹುಡುಗಿ ಬೇಕೆಂದೇ ಮಾಡುತ್ತಿದ್ದಾಳೆ. ಅಂಚು ನೆಟ್ಟಗಾದ ದಿನ ಸಾಲಿ ಬಿಡಬೇಕು ಎಂದು ಅವಳಿಗೆ ಗೊತ್ತು.

ತಾಯಿ ಮಗಳು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಲೀಮಾಬಿ ಮಾತ್ರ ಇಡೀ ವರ್ಷ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಬದುಕಿದಳು. ಅತ್ತೆಯ ಹೆಬ್ಬೆರಳು ಅಂಚಿನ ಮೇಲೆ ಹೋದಾಗಲೆಲ್ಲ ಇವಳು ನೂಲು ಸುತ್ತುವುದನ್ನು ನಿಲ್ಲಿಸುತ್ತಿದ್ದಳು. ಸೊಟ್ಟ ಮಾಡುವುದರಲ್ಲೂ ಒಂದು ಹದ ಬೇಕು. ಹೆಚ್ಚಾದರೆ ಸಂಶಯ, ಕಡಿಮೆಯಾದರೆ ಲಗ್ನ. ಕುಂದಗೋಳದಿಂದ ಆಗಾಗ ಯಾರಾದರೂ ಬಂದು "ಹುಡುಗಿ ಕಲತಳೇನ್ರಿ?" ಎಂದು ಕೇಳುವರು. "ಅಂಚು ಇನ್ನ ಸೊಟ್ಟ ಐತ್ರಿ," ಎಂದು ಖೈರುನಬಿ ನಿಟ್ಟುಸಿರು ಬಿಡುವಳು. ಹೀಗೇ ದೀಪಾವಳಿ ಹೋಯಿತು, ಸಂಕ್ರಮಣ ಹೋಯಿತು, ಪರೀಕ್ಷೆಯೂ ಮುಗಿಯಿತು.

ಫಲಿತಾಂಶದ ದಿನ ಖೈರುನಬಿಗೆ ಯಾರೂ ಏನೂ ಹೇಳಿರಲಿಲ್ಲ. ಅವಳು ಮುಂಜಾನೆಯಿಂದ ಓಣಿಯ ತುದಿಯ ಗೌರಕ್ಕನ ಮನೆಗೆ ಹಪ್ಪಳದ ಕೆಲಸಕ್ಕೆ ಹೋಗಿದ್ದಳು. ಮಾಬುಬಿ ಸಾಲಿಗೆ ಹೋಗಿ, ಗೋಡೆಗೆ ಹಚ್ಚಿದ ಹಾಳೆಯಲ್ಲಿ ತನ್ನ ನಂಬರು ನೋಡಿಕೊಂಡು ಓಡಿ ಬಂದಳು. ಫಸ್ಟ್ ಕ್ಲಾಸು. ಹಲೀಮಾಬಿ ಮಗಳನ್ನು ತಬ್ಬಿಕೊಂಡು ಸದ್ದಿಲ್ಲದೆ ಅತ್ತಳು. ಆ ಖುಷಿಗೆ ಹುಡುಗಿಯ ಕೈಕಾಲು ನಿಲ್ಲಲೊಲ್ಲವು. ಹೋಗಿ ಮಗ್ಗದ ಮುಂದೆ ಕೂತು, ಏನೋ ಗುನುಗುತ್ತ ಒಂದು ಗೇಣು ನೇಯ್ದುಬಿಟ್ಟಳು. ಹಲೀಮಾಬಿ ಬಂದು ನೋಡಿದಳು. ಅಂಚು ನೆಟ್ಟಗಿತ್ತು. ಸಂತೋಷದಲ್ಲಿ ಕೈ ಮರೆತಿತ್ತು.

"ಬಿಚ್ಚ ಬೇ, ಲಗೂ ಬಿಚ್ಚ," ಅನ್ನುವಷ್ಟರಲ್ಲಿ ಹೊಸ್ತಿಲ ಮೇಲೆ ಕೋಲಿನ ಸಪ್ಪಳವಾಯಿತು.

ಖೈರುನಬಿ ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು. ರೂಢಿಯಂತೆ ಕೈ ಚಾಚಿದಳು. ಹೆಬ್ಬೆರಳು ಅಂಚಿನ ಮೇಲೆ ಕೆಳಗಿನಿಂದ ಮೇಲಕ್ಕೆ ಹೋಯಿತು, ಎಲ್ಲೂ ತಡೆಯಲಿಲ್ಲ. ಮುದುಕಿ ಕೈಯನ್ನು ಅಲ್ಲೇ ಇಟ್ಟುಕೊಂಡಳು.

"ಪಾಸಾದ್ಯಾ?" ಅಂದಳು.

ಮಾಬುಬಿ ತಲೆ ಆಡಿಸಿದಳು. ಅಜ್ಜಿಗೆ ಅದು ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ.

"ಕಾಲೇಜು ಎಷ್ಟ ವರ್ಷದ್ದೈತಿ?"

"ಎರಡ ವರ್ಷ, ದಾದಿ."

ಖೈರುನಬಿ ಹೊಕ್ಕಿನ ಕೊನೆಯ ಎಳೆಯನ್ನು ಬೆರಳಿಂದ ಹುಡುಕಿ ಹಿಡಿದು, ಆ ನೆಟ್ಟನೆಯ ಅಂಚನ್ನು ತಾನೇ ಬಿಚ್ಚತೊಡಗಿದಳು. ಮೊಮ್ಮಗಳ ಮಡಿಲಿಗೆ ಕೆಂಪು ನೂಲು ಬೀಳುತ್ತಿತ್ತು.

"ಹಲೀಮಾ," ಅಂದಳು ಸೊಸೆಯ ಕಡೆ ತಿರುಗದೆ, "ಕುಂದಗೋಳದವ್ರಿಗೆ ಹೇಳಿ ಕಳಸು. ಅಂಚು ಇನ್ನ ಸೊಟ್ಟ ಐತಿ ಅಂತ."